ಕಾರಿನ ಸ್ಟೀರಿಯೊ ಸುಮ್ಮನಾದಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಬ್ಯಾಟರಿ ಬದಲಿಸುವ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರು ಹೊತ್ತು ತಂದಿವೆ. ಗಾಡಿಯ ಕರೆಂಟಿನಲ್ಲಿ ಏನೋ ಎಡವಟ್ಟಾಯಿತು, ಗಾಡಿ ಸರಿಹೋಯಿತು, ಸ್ಟೀರಿಯೊ ಮಾತ್ರ ಬಾಯಿ ಬಿಡುತ್ತಿಲ್ಲ. ಬಹಳ ವರ್ಷಗಳಿಂದ ಈ ರಿಪೇರಿ ಬೆಂಚಿನ ಮುಂದೆಯೇ ಕೂತವಳು ನಾನು. ‘ಸುಟ್ಟುಹೋಗಿದೆ’ ಎಂಬ ಹಣೆಪಟ್ಟಿ ಹೊತ್ತು ಬಂದ ಎಷ್ಟೋ ಸೆಟ್ಟುಗಳು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡೈಯೋಡಿನಿಂದಲೋ, ಬ್ಯಾಟರಿಯ ಮೈನಸ್ಸಿಗೆ ಸೇರುವ ಒಂದು ಅರ್ತ್ ವೈರಿನಿಂದಲೋ ಎದ್ದು ಕೂತು ಹಾಡಿವೆ. ಅದಕ್ಕೇ ಈ ಸಲದ ಪುಟ ಪೂರ್ತಿ ಸ್ಟೀರಿಯೊಗೇ ಮೀಸಲು. ಒಂದೇ ತರಹದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇನೆ.

ಪ್ರಶ್ನೆ: ಮೇಡಂ, ಬ್ಯಾಟರಿ ನಾನೇ ಬದಲಿಸಲು ಹೋಗಿ ಪ್ಲಸ್ಸು ಮೈನಸ್ಸು ಅದಲುಬದಲಾಯಿತು. ಟರ್ಮಿನಲ್ ತಾಗಿಸಿದ ಕೂಡಲೇ ದೊಡ್ಡ ಕಿಡಿ ಹಾರಿತು. ಮೆಕ್ಯಾನಿಕ್ ಬಂದು ಮೇನ್ ಫ್ಯೂಸ್ ಬದಲಿಸಿದರು. ಈಗ ಗಾಡಿ ಸ್ಟಾರ್ಟ್ ಆಗುತ್ತದೆ. ಲೈಟು, ಹಾರ್ನು, ವೈಪರ್ ಎಲ್ಲ ಸರಿ ಇವೆ. ಸ್ಟೀರಿಯೊ ಮಾತ್ರ ಸತ್ತಿದೆ. ಸೆಟ್ಟಿನ ಬೆನ್ನಲ್ಲಿರುವ 10 ಆಂಪಿಯರ್ ಫ್ಯೂಸ್ ಹೋಗಿತ್ತು. ಹೊಸದು ಹಾಕಿದ ತಕ್ಷಣ ಅದೂ ಹೋಯಿತು. ಒಬ್ಬರು ‘ಸೆಟ್ ಸುಟ್ಟಿದೆ, ಹೊಸದು ತಗೊಳ್ಳಿ’ ಅನ್ನುತ್ತಾರೆ. ಇನ್ನೊಬ್ಬರು ‘20 ಆಂಪಿಯರ್ ಹಾಕಿ ನೋಡಿ’ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಎರಡನೆಯವರ ಮಾತನ್ನಂತೂ ಯಾವತ್ತೂ ಕೇಳಬೇಡಿ. ಫ್ಯೂಸ್ ಇರುವುದು ವೈರನ್ನು ಕಾಯಲು. 10 ಆಂಪಿಯರಿಗೆ ಲೆಕ್ಕ ಹಾಕಿ ಎಳೆದ ತೆಳು ವೈರಿಗೆ 20ರ ಫ್ಯೂಸ್ ಹಾಕಿದರೆ, ಮುಂದಿನ ಸಲ ಫ್ಯೂಸಿನ ಬದಲು ಡ್ಯಾಶ್‌ಬೋರ್ಡಿನ ಒಳಗಿನ ವೈರೇ ಬಿಸಿಯೇರುತ್ತದೆ, ಮೇಲಿನ ಪ್ಲಾಸ್ಟಿಕ್ ಕರಗುತ್ತದೆ, ಅಲ್ಲಿಂದ ಬೆಂಕಿ ಹತ್ತಲು ಹೆಚ್ಚು ಹೊತ್ತು ಬೇಡ. ಬೀಗರ ಮನೆಗೆ ಹೊರಟ ಗಾಡಿ ದಾರಿಯಲ್ಲಿ ಹೊಗೆಯಾಡುವುದಕ್ಕಿಂತ ಹಾಡಿಲ್ಲದೆ ಹೋಗುವುದು ವಾಸಿ. ಬ್ಲೇಡ್ ಫ್ಯೂಸುಗಳಲ್ಲಿ 10 ಆಂಪಿಯರಿನದು ಕೆಂಪು, 15ರದು ನೀಲಿ, 20ರದು ಹಳದಿ. ಕೆಂಪು ಇದ್ದ ಜಾಗಕ್ಕೆ ಕೆಂಪೇ ಹೋಗಬೇಕು.

ಸ್ಟೀರಿಯೊಗೆ ಕೈ ಹಾಕುವ ಮೊದಲು ಒಂದು ಕೆಲಸ ಮಾಡಿ. ಬ್ಯಾಟರಿ ತಿರುಗುಮುರುಗಾದಾಗ ಮೊದಲ ಏಟು ತಿನ್ನುವುದು ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಒಳಗಿನ ಡೈಯೋಡುಗಳು. ನಿಮ್ಮ ಗಾಡಿಯಲ್ಲಿ ಮೇನ್ ಫ್ಯೂಸ್ ಹೋಗಿದ್ದೂ ಅದೇ ದಾರಿಯಲ್ಲಿ ಕರೆಂಟ್ ನುಗ್ಗಿದ್ದರಿಂದ ಇರಬೇಕು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗೆ ಮೀಟರ್, ಅಂದರೆ ಮಲ್ಟಿಮೀಟರನ್ನು, ಡಿಸಿ ವೋಲ್ಟಿಗೆ ಇಟ್ಟು ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.5 ವೋಲ್ಟ್ ತೋರಿಸಬೇಕು. ಆಮೇಲೆ ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಮತ್ತೊಮ್ಮೆ ಹಿಡಿಯಿರಿ. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಆಲ್ಟರ್ನೇಟರಿನ ಡೈಯೋಡಿಗೆ ಪೆಟ್ಟಾಗಿದೆ ಅಂತ ಸಂಶಯಪಡಿ. ಅದು ಮೊದಲು ಸರಿಯಾಗಲಿ. ಇಲ್ಲದಿದ್ದರೆ ರಿಪೇರಿ ಆದ ಸ್ಟೀರಿಯೊ ಕೂಡ ಗೊರಗುಡುತ್ತದೆ.

ಈಗ ಸೆಟ್ಟಿನ ವಿಷಯ. ನೀವು ಹೇಳಿದ್ದರಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ‘ಹಾಕಿದ ತಕ್ಷಣ ಹೋಯಿತು’ ಎಂಬುದು. ಬಹುತೇಕ ಸೆಟ್ಟುಗಳಲ್ಲಿ ಬ್ಯಾಟರಿಯ ಪ್ಲಸ್ ಒಳಗೆ ಬರುವ ಜಾಗದಲ್ಲೇ, ಪ್ಲಸ್ಸಿಗೂ ಅರ್ತಿಗೂ ಅಡ್ಡಲಾಗಿ, ಒಂದು ಡೈಯೋಡ್ ಕೂರಿಸಿರುತ್ತಾರೆ. ಕರೆಂಟ್ ಸರಿಯಾದ ದಿಕ್ಕಿನಲ್ಲಿ ಬಂದಾಗ ಅದು ಸುಮ್ಮನಿರುತ್ತದೆ. ಉಲ್ಟಾ ಬಂದಾಗ ಪೂರ್ತಿ ಬಾಗಿಲು ತೆರೆದು ಎಲ್ಲವನ್ನೂ ತನ್ನ ಮೂಲಕವೇ ಹರಿಸಿ ಫ್ಯೂಸನ್ನು ಹಾರಿಸುತ್ತದೆ. ಆ ಹೊತ್ತಿನಲ್ಲಿ ಸೆಟ್ಟಿನ ಉಳಿದ ಭಾಗ ನೋಡುವುದು ಹೆಚ್ಚುಕಡಿಮೆ ಒಂದು ವೋಲ್ಟಿನಷ್ಟು ಉಲ್ಟಾ ಕರೆಂಟನ್ನು ಮಾತ್ರ. ಈ ಕೆಲಸದಲ್ಲಿ ಡೈಯೋಡ್ ಸಾಯುವುದುಂಟು. ಸಾಯುವಾಗ ಸಾಮಾನ್ಯವಾಗಿ ಶಾರ್ಟ್ ಆಗಿಯೇ ಸಾಯುತ್ತದೆ. ಹಾಗಾದ ಮೇಲೆ ಬ್ಯಾಟರಿ ನೇರ ಇದ್ದರೂ ಪ್ಲಸ್ಸು ಅರ್ತಿಗೆ ಬಡಿಯುತ್ತದೆ, ಹೊಸ ಫ್ಯೂಸೂ ಹೋಗುತ್ತದೆ. ನಿಮ್ಮ ಸೆಟ್ಟಿನ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಹೋದ ಫ್ಯೂಸನ್ನು ಎಸೆದಿಲ್ಲದಿದ್ದರೆ ಬೆಳಕಿಗೆ ಹಿಡಿದು ನೋಡಿ. ಒಳಗಿನ ತಂತಿ ನಡುವೆ ಸಣ್ಣದಾಗಿ ಕರಗಿ, ಎರಡು ತುದಿ ದುಂಡಗೆ ನಿಂತಿದ್ದರೆ ನಿಧಾನಕ್ಕೆ ಭಾರ ಹೆಚ್ಚಾಗಿ ಹೋಗಿದೆ ಅಂತ. ಪ್ಲಾಸ್ಟಿಕ್ಕಿನ ಒಳಮೈ ಕಪ್ಪಾಗಿ, ತಂತಿಯೇ ಮಾಯವಾಗಿ, ಲೋಹದ ಸಣ್ಣ ಹನಿಗಳು ಚಿಮ್ಮಿದ್ದರೆ ನೇರ ಶಾರ್ಟ್. ಸೆಟ್ಟು ಬಿಚ್ಚುವುದಕ್ಕೂ ಮುಂಚೆ ಅರ್ಧ ವಿಷಯ ಫ್ಯೂಸೇ ಹೇಳಿಬಿಡುತ್ತದೆ. ಎಲ್ಲಿರುವ ಫ್ಯೂಸ್ ಹೋಯಿತು ಎಂಬುದೂ ಮುಖ್ಯ. ಸೆಟ್ಟಿನ ಬೆನ್ನಲ್ಲಿರುವುದು ಹೋದರೆ ದೋಷ ಅದರಿಂದ ಮುಂದೆ, ಅಂದರೆ ಸೆಟ್ಟಿನ ಒಳಗೆ. ಸೆಟ್ಟಿನ ಕನೆಕ್ಟರ್ ಪೂರ್ತಿ ಕಿತ್ತಿಟ್ಟಿದ್ದರೂ ಗಾಡಿಯ ಫ್ಯೂಸ್ ಬಾಕ್ಸಿನದು ಹೋಗುತ್ತಿದ್ದರೆ ದೋಷ ಗಾಡಿಯ ವೈರಿಂಗಿನಲ್ಲಿ. ಆಗ ಸೆಟ್ಟನ್ನು ಬಿಚ್ಚಿ ಪ್ರಯೋಜನವಿಲ್ಲ.

ಒಂದಾದ ಮೇಲೊಂದು ಫ್ಯೂಸ್ ಬಲಿ ಕೊಡುವ ಬದಲು ಬಲ್ಬ್ ಬಳಸಿ. ಬ್ರೇಕ್ ಲೈಟಿನ 21 ವಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿ, ಫ್ಯೂಸಿನ ಜಾಗದ ಎರಡು ಕಾಲುಗಳಿಗೆ ಸೇರಿಸಿ. ಏನೇ ಶಾರ್ಟ್ ಇದ್ದರೂ ಬಲ್ಬಿನ ಮೂಲಕ ಎರಡು ಆಂಪಿಯರಿಗಿಂತ ಹೆಚ್ಚು ಹರಿಯುವುದಿಲ್ಲ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್ ಇದೆ. ಸೆಟ್ ಆಫ್ ಇದ್ದಾಗ ಬಲ್ಬ್ ಆರಿದ್ದು, ಆನ್ ಮಾಡಿದಾಗ ಮಂದವಾಗಿ ಉರಿದರೆ ಶಾರ್ಟ್ ಇಲ್ಲ. ನನ್ನ ಬೆಂಚಿನಲ್ಲಿ ಯಾವ ಸೆಟ್ಟಿಗೂ ಮೊದಲ ಕರೆಂಟ್ ಹೋಗುವುದು ಬಲ್ಬಿನ ಮೂಲಕವೇ.

ಸೆಟ್ಟನ್ನು ಡ್ಯಾಶ್‌ಬೋರ್ಡಿನಿಂದ ತೆಗೆಯುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ. ಯಾವತ್ತೂ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಆಗ ಸ್ಪ್ಯಾನರ್ ಗಾಡಿಯ ಲೋಹದ ಬಾಡಿಗೆ ತಾಗಿದರೂ ಕಿಡಿ ಹಾರುವುದಿಲ್ಲ. ಒಳಗೆ ಹಳದಿ ಹೊದಿಕೆಯ ದಪ್ಪ ಕಟ್ಟು ಅಥವಾ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಮೀಟರೂ ಬೇಡ, ಟೆಸ್ಟ್ ಲ್ಯಾಂಪೂ ಬೇಡ, ಕೈಯೂ ಬೇಡ.

ಸೆಟ್ಟು ಟೇಬಲ್ಲಿಗೆ ಬಂದ ಮೇಲೆ ಮೀಟರನ್ನು ಡೈಯೋಡ್ ಗುರುತಿಗೆ ತಿರುಗಿಸಿ. ಗಾಡಿಯ ಜೊತೆ ಬಾರದೆ ಹೊರಗೆ ಮಾರುವ ಸೆಟ್ಟುಗಳಲ್ಲಿ, ಸೆಟ್ಟಿನಿಂದಲೇ ಹೊರಬರುವ ಹಳದಿ ವೈರು ಬ್ಯಾಟರಿಯ ಪ್ಲಸ್, ಕಪ್ಪು ಅರ್ತ್. ಆದರೆ ಫ್ಯೂಸ್ ಹೋಗಿರುವುದರಿಂದ ಹಳದಿ ಪಿನ್ನಿಗೆ ಮೀಟರ್ ಹಿಡಿದರೆ ಏನೂ ಗೊತ್ತಾಗುವುದಿಲ್ಲ. ಫ್ಯೂಸಿನ ಎರಡು ಕಾಲುಗಳ ಪೈಕಿ ಸೆಟ್ಟಿನ ಒಳಗಡೆಗೆ ಹೋಗುವ ಕಾಲಿಗೇ ಹಿಡಿಯಬೇಕು. ಮೀಟರಿನ ಕೆಂಪು ಕಡ್ಡಿ ಅರ್ತಿಗೆ, ಕಪ್ಪು ಕಡ್ಡಿ ಆ ಕಾಲಿಗೆ ಇಟ್ಟಾಗ 0.4ರಿಂದ 0.7ರವರೆಗೆ ಏನಾದರೂ ಬಂದು, ಕಡ್ಡಿಗಳನ್ನು ಅದಲುಬದಲು ಮಾಡಿದಾಗ ಅಂಕಿ ಏರುತ್ತಾ ಹೋದರೆ ಡೈಯೋಡ್ ಬದುಕಿದೆ. ಎರಡು ಕಡೆಯಿಂದಲೂ ಸೊನ್ನೆಯ ಹತ್ತಿರ ತೋರಿಸಿ ಪೀಂ ಅಂದರೆ ಅದು ಹೋಗಿದೆ, ಅಥವಾ ಅದರ ಹಿಂದಿರುವುದೇನೋ ಹೋಗಿದೆ.

ಮುಚ್ಚಳ ತೆಗೆದರೆ ವೈರುಗಳು ಬೋರ್ಡಿಗೆ ಸೇರುವ ಜಾಗದ ಆಸುಪಾಸಿನಲ್ಲಿ ಕಪ್ಪು ಕೊಳವೆಯಂಥ ಡೈಯೋಡ್ ಕಾಣುತ್ತದೆ, ಒಂದು ತುದಿಗೆ ಬೆಳ್ಳಿ ಪಟ್ಟಿ ಇರುತ್ತದೆ. ಕೆಲವು ಸಲ ಅದು ಸೀಳಿರುತ್ತದೆ, ಕೆಲವು ಸಲ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ನೋಡಿ ತೀರ್ಮಾನಿಸಬೇಡಿ. ಒಂದು ಕಾಲನ್ನು ಬೋರ್ಡಿನಿಂದ ಎತ್ತಿ ಮತ್ತೆ ಮೀಟರ್ ಹಿಡಿಯಿರಿ. ಅದನ್ನು ಎತ್ತಿದ ಮೇಲೆ ಬೋರ್ಡಿನ ಶಾರ್ಟ್ ಮಾಯವಾದರೆ ನಿಮ್ಮ ಸೆಟ್ ಬದುಕಿದೆ. ಬಲ್ಬಿನ ಮೂಲಕ ಕರೆಂಟ್ ಕೊಟ್ಟು ಡಿಸ್‌ಪ್ಲೇ ಬರುತ್ತದೆಯೇ ನೋಡಿ, ಆಮೇಲೆ ಅದೇ ಸಾಮರ್ಥ್ಯದ ಹೊಸ ಡೈಯೋಡ್ ಹಾಕಿಸಿ. ಬೆಳ್ಳಿ ಪಟ್ಟಿಯ ತುದಿ ಪ್ಲಸ್ ಕಡೆಗೆ ಬರಬೇಕು. ಡೈಯೋಡ್ ಇಲ್ಲದೆಯೂ ಸೆಟ್ ಹಾಡುತ್ತದೆ ಅಂತ ಹಾಗೇ ಬಿಟ್ಟುಕೊಡುವವರಿದ್ದಾರೆ. ಒಪ್ಪಬೇಡಿ. ಮುಂದೊಂದು ದಿನ ಮತ್ತೆ ಉಲ್ಟಾ ಆದರೆ ಅಡ್ಡ ನಿಲ್ಲಲು ಯಾರೂ ಇರುವುದಿಲ್ಲ.

ಡೈಯೋಡ್ ಎತ್ತಿದ ಮೇಲೂ ಶಾರ್ಟ್ ಉಳಿದಿದ್ದರೆ ಮುಂದಿನ ಸಂಶಯ ಸದ್ದನ್ನು ದೊಡ್ಡದು ಮಾಡುವ ಆಂಪ್ಲಿಫೈಯರ್ ಐಸಿ ಮೇಲೆ, ಅಂದರೆ ಹಿಂಬದಿಯ ಅಲ್ಯುಮಿನಿಯಂ ತಗಡಿಗೆ ಬಿಗಿದ ದೊಡ್ಡ ಚಿಪ್ಪಿನ ಮೇಲೆ. ಅದನ್ನು ಬದಲಿಸಬಹುದು, ಆದರೆ ಅದರ ಇಪ್ಪತ್ತಕ್ಕೂ ಹೆಚ್ಚು ಕಾಲುಗಳನ್ನು ಬೋರ್ಡಿನ ತಾಮ್ರ ಏಳದ ಹಾಗೆ ಬಿಡಿಸಲು ಪಳಗಿದ ಕೈಯೇ ಬೇಕು. ಅಲ್ಲಿಂದ ಮುಂದೆ ಮನೆಯಲ್ಲಿ ಪ್ರಯತ್ನ ಬೇಡ.

ಪ್ರಶ್ನೆ: ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ ನೋಡಲು ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ತೆಗೆದು ನೋಡುವುದನ್ನು ನಮ್ಮ ತಂದೆಯವರು ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಇಂಜಿನ್ ಆಫ್ ಆಗಲಿಲ್ಲ, ಆದರೆ ಅವತ್ತಿನಿಂದ ಸ್ಟೀರಿಯೊ ಆನ್ ಆಗುತ್ತಿಲ್ಲ. ಫ್ಯೂಸುಗಳೆಲ್ಲ ಸರಿ ಇವೆ. ಇದಕ್ಕೂ ಅದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ನಿಮ್ಮ ತಂದೆಯವರ ಕಾಲದ ಗಾಡಿಯಲ್ಲಿ ಡೈನಮೊ ಇತ್ತು, ಕಂಪ್ಯೂಟರ್ ಇರಲಿಲ್ಲ. ಅವರು ಕಂಡ ಗಾಡಿಗೆ ಅದು ನಡೆಯುತ್ತಿತ್ತು. ಈಗಿನ ಗಾಡಿಯಲ್ಲಿ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಒಮ್ಮೆಲೇ ಕಿತ್ತರೆ, ಅದರೊಳಗೆ ಹೋಗುತ್ತಿದ್ದ ಕರೆಂಟಿಗೆ ಜಾಗವಿಲ್ಲದೆ ಆಲ್ಟರ್ನೇಟರಿನ ವೋಲ್ಟೇಜ್ ಸೆಕೆಂಡಿನ ಒಂದು ಸಣ್ಣ ಭಾಗದಷ್ಟು ಹೊತ್ತು ಮೇಲೆ ನೆಗೆಯುತ್ತದೆ. ಇದಕ್ಕೆ ಲೋಡ್ ಡಂಪ್ ಅನ್ನುತ್ತಾರೆ. ತಡೆ ಇಲ್ಲದ ಗಾಡಿಯಲ್ಲಿ ಅದು ನೂರು ವೋಲ್ಟಿನ ಹತ್ತಿರಕ್ಕೂ ಹೋಗಬಲ್ಲದು. ಬಹಳ ಸೆಟ್ಟುಗಳಲ್ಲಿ ಬಳಕೆಯಾಗಿರುವ ಟಿಡಿಎ 7388 ಎಂಬ ಆಂಪ್ಲಿಫೈಯರ್ ಚಿಪ್ಪಿನ ಮಿತಿ ನೋಡಿ: ಕೆಲಸ ಮಾಡುತ್ತಿರುವಾಗ 18 ವೋಲ್ಟ್, ಸುಮ್ಮನೆ ತಡೆದುಕೊಳ್ಳಲು 28 ವೋಲ್ಟ್, ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತಿಗೆ, ಅಂದರೆ 50 ಮಿಲಿಸೆಕೆಂಡಿಗೆ, 50 ವೋಲ್ಟ್. ಅಷ್ಟು ಗಟ್ಟಿ ಮಾಡಿಯೇ ಮಾಡಿದ್ದಾರೆ. ಅದಕ್ಕೂ ಒಂದು ಕೊನೆ ಇದೆ. ಲಾರಿಯ 24 ವೋಲ್ಟ್ ಬ್ಯಾಟರಿಯಿಂದ ಕಾರನ್ನು ಜಂಪ್ ಸ್ಟಾರ್ಟ್ ಮಾಡಿದ ಮೇಲೆ ಸೆಟ್ ಹೋಯಿತು ಅಂತ ಬರೆದ ಇನ್ನೊಬ್ಬ ಓದುಗರಿಗೂ ಇದೇ ಉತ್ತರ.

ನಿಮ್ಮ ಸೆಟ್ಟಿನಲ್ಲಿ ಫ್ಯೂಸ್ ಉಳಿದು ಸೆಟ್ ಸತ್ತಿರುವುದರಿಂದ ಡೈಯೋಡಿನ ಕಥೆ ಇಲ್ಲಿ ಹೊಂದುವುದಿಲ್ಲ. ಒಳಗಿನ ಕಂಪ್ಯೂಟರ್ ಭಾಗಕ್ಕೆ 12 ವೋಲ್ಟನ್ನು ಇಳಿಸಿ 5 ಅಥವಾ 3.3 ವೋಲ್ಟ್ ಕೊಡುವ ರೆಗ್ಯುಲೇಟರ್ ಹೋಗಿರುವ ಸಾಧ್ಯತೆ ಹೆಚ್ಚು. ಆದರೂ ಮೊದಲು ಸುಲಭದ್ದನ್ನು ನೋಡಿ. ಕೆಲವು ಸಲ ಸೆಟ್ ಬರೀ ಗಕ್ಕನೆ ನಿಂತಿರುತ್ತದೆ. ಮುಂಭಾಗದಲ್ಲಿ ಪಿನ್ ತೂರುವಷ್ಟು ಸಣ್ಣ ರಿಸೆಟ್ ತೂತಿದ್ದರೆ ಒತ್ತಿ. ಇಲ್ಲದಿದ್ದರೆ ಸೆಟ್ಟಿನ ಕನೆಕ್ಟರನ್ನು ಕಾಲು ಗಂಟೆ ಕಿತ್ತಿಟ್ಟು ಮತ್ತೆ ಹಾಕಿ. ಆಗಲೂ ಜೀವ ಬರದಿದ್ದರೆ ರೆಗ್ಯುಲೇಟರಿನ ಹೊರಬದಿಯ ವೋಲ್ಟ್ ಅಳೆದು ನೋಡಬಲ್ಲ ರಿಪೇರಿಯವರ ಹತ್ತಿರ ಒಯ್ಯಿರಿ. ಏನಾಯಿತು ಎಂಬುದನ್ನು ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿ. ಎಷ್ಟೋ ಜನ ಸಂಕೋಚದಿಂದ ‘ತಾನಾಗಿಯೇ ನಿಂತಿತು’ ಅನ್ನುತ್ತಾರೆ, ಆಗ ಹುಡುಕಾಟ ತಪ್ಪು ಕಡೆಯಿಂದ ಶುರುವಾಗುತ್ತದೆ.

ಆಲ್ಟರ್ನೇಟರ್ ನೋಡಬೇಕಿದ್ದರೆ ಇಂಜಿನ್ ಓಡುವಾಗ ಮೀಟರ್ ಹಿಡಿಯಿರಿ ಸಾಕು. ಟರ್ಮಿನಲ್ಲಿಗೆ ಕೈ ಬೇಡ.

ಪ್ರಶ್ನೆ: ಟೈರಿಗೆ ಗಾಳಿ ತುಂಬುವ ಪಂಪನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದೆ. ಎರಡು ನಿಮಿಷ ಓಡಿ ನಿಂತಿತು. ಸ್ಟೀರಿಯೊ ಕೂಡ ಅದರ ಜೊತೆಗೇ ಆಫ್ ಆಯಿತು. ಪಂಪ್ ಸ್ಟೀರಿಯೊವನ್ನು ಸುಟ್ಟಿತೇ?

ಉತ್ತರ: ಬಹುಮಟ್ಟಿಗೆ ಇಲ್ಲ, ಗಾಬರಿಯಾಗಬೇಡಿ. ಬಹಳ ಕಾರುಗಳಲ್ಲಿ ಲೈಟರ್ ಸಾಕೆಟ್ಟಿಗೂ ಸ್ಟೀರಿಯೊಗೂ ಒಂದೇ ಫ್ಯೂಸ್. ಪಂಪು ಎಳೆದ ಕರೆಂಟಿಗೆ ಅದು ಹೋಗಿರಬೇಕು. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ ಅಥವಾ ಗಾಡಿಯ ಕೈಪಿಡಿಯಲ್ಲಿ ಯಾವುದು ಎಲ್ಲಿದೆ ಎಂಬ ನಕ್ಷೆ ಇರುತ್ತದೆ. ಸಾಕೆಟ್ ಅಥವಾ ಆಕ್ಸೆಸರಿ ಎಂದಿರುವುದನ್ನು ಹುಡುಕಿ, ಅಷ್ಟೇ ಆಂಪಿಯರಿನದನ್ನು ಹಾಕಿ. ಹಾಕುವ ಮೊದಲು ಟಾರ್ಚ್ ಬಿಟ್ಟು ಸಾಕೆಟ್ಟಿನ ತಳ ನೋಡಿ. ಅಗ್ಗದ ಮೊಬೈಲ್ ಚಾರ್ಜರುಗಳ ಮೂತಿಯ ಸ್ಪ್ರಿಂಗು, ಚಿಲ್ಲರೆ ನಾಣ್ಯ ಅಲ್ಲಿ ಬಿದ್ದು ನಡುವಿನ ಪ್ಲಸ್ಸನ್ನು ಅಂಚಿನ ಅರ್ತಿಗೆ ಸೇರಿಸುವುದು ಮಾಮೂಲಿ. ಪಂಪಿನ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಅದು ಸಾಕೆಟ್ಟಿನ ಫ್ಯೂಸಿನ ಹತ್ತಿರಹತ್ತಿರ ಇದ್ದರೆ ಬ್ಯಾಟರಿಗೇ ಕ್ಲಿಪ್ ಹಾಕುವ ಪಂಪ್ ಬಳಸಿ.

ಪ್ರಶ್ನೆ: ಬೇರೆ ಆಂಪ್ಲಿಫೈಯರ್ ಹಾಕಿಸಿದ್ದೆ. ಫಿಟ್ ಮಾಡುವಾಗ ಸೆಟ್ ಆನ್ ಇದ್ದಂತೆಯೇ ವೈರ್ ಎಳೆದು ಹಾಕಿ ಮಾಡಿದರು, ಒಮ್ಮೆ ಚಟ್ ಅಂತ ಕಿಡಿ ಬಂತು. ಈಗ ಹಾಡಿನ ಹಿಂದೆ ಕುಯ್ಯ್ ಅನ್ನುವ ಸದ್ದು. ಆಕ್ಸಿಲರೇಟರ್ ಒತ್ತಿದಷ್ಟೂ ಸದ್ದಿನ ಸ್ವರ ಏರುತ್ತದೆ. ಫಿಲ್ಟರ್ ಹಾಕಿದರೂ ಹೋಗಲಿಲ್ಲ.

ಉತ್ತರ: ಸ್ವರ ಇಂಜಿನ್ ಜೊತೆಗೇ ಏರುತ್ತದೆ ಅಂದರೆ ಆಲ್ಟರ್ನೇಟರಿನ ಅಲೆ ಹಾಡಿನ ವೈರಿಗೆ ನುಸುಳುತ್ತಿದೆ. ಆ ಕಿಡಿಯ ವಿಷಯ ಬರೆದು ಒಳ್ಳೆಯದು ಮಾಡಿದಿರಿ, ಗುಟ್ಟು ಅಲ್ಲೇ ಇದೆ.

ಸೆಟ್ಟಿಗೆ ಬರುವ ಕರೆಂಟೆಲ್ಲ ಕಪ್ಪು ಅರ್ತ್ ವೈರಿನಲ್ಲಿ ವಾಪಸ್ಸು ಹೋಗಬೇಕು. ಸೆಟ್ ಆನ್ ಇದ್ದಾಗ ಆ ಕಪ್ಪು ವೈರ್ ಒಂದು ಕ್ಷಣ ಬಿಟ್ಟುಹೋದರೂ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಹತ್ತಿರದ ದಾರಿ ಯಾವುದು? ಆಂಪ್ಲಿಫೈಯರಿಗೆ ಹಾಡು ಒಯ್ಯುವ ಆರ್‌ಸಿಎ ವೈರಿನ ಹೊರಬಲೆ. ಅದರ ಇನ್ನೊಂದು ತುದಿ ಆಂಪ್ಲಿಫೈಯರಿನ ಮೂಲಕ ಬಾಡಿಗೆ ಸೇರಿದೆಯಲ್ಲ. ಸೆಟ್ಟಿನ ಬೋರ್ಡಿನಲ್ಲಿ ಆ ಆರ್‌ಸಿಎ ಅರ್ತಿಗೆ ಕೊಟ್ಟಿರುವುದು ಕೂದಲಿನಂಥ ತಾಮ್ರದ ಗೆರೆ, ಇಲ್ಲವೇ ಅಕ್ಕಿ ಕಾಳಿಗಿಂತ ಚಿಕ್ಕ ಫ್ಯೂಸ್. ಅದು ಸುಟ್ಟುಹೋಗುತ್ತದೆ. ಸೆಟ್ ಹಾಡುವುದು ನಿಲ್ಲುವುದಿಲ್ಲ, ಆದರೆ ಆರ್‌ಸಿಎ ಅರ್ತ್ ಅನಾಥವಾಗಿ ಗಾಡಿಯ ಸದ್ದೆಲ್ಲ ಒಳಗೆ ಬರುತ್ತದೆ. ಫಿಲ್ಟರಿಗೆ ಇದು ಬಗ್ಗದು.

ಪರೀಕ್ಷೆ ಸುಲಭ. ಸೆಟ್ಟಿನ ಎಲ್ಲ ವೈರು ಕಿತ್ತು, ಮೀಟರನ್ನು ಓಮ್ ಗುರುತಿಗೆ ಇಟ್ಟು, ಒಂದು ಕಡ್ಡಿಯನ್ನು ಆರ್‌ಸಿಎ ಸಾಕೆಟ್ಟಿನ ಹೊರಉಂಗುರಕ್ಕೆ, ಇನ್ನೊಂದನ್ನು ಸೆಟ್ಟಿನ ಲೋಹದ ಮೈಗೆ ಹಿಡಿಯಿರಿ. ಸಾಮಾನ್ಯವಾಗಿ ಒಂದು ಓಮಿನ ಒಳಗೆ ಬರಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಗೆರೆ ಸುಟ್ಟಿದೆ. ಇನ್ನೂ ಖಾತ್ರಿ ಬೇಕಿದ್ದರೆ ಒಂದು ತೆಳು ವೈರಿನ ತುದಿಯನ್ನು ಆರ್‌ಸಿಎ ಹೊರಉಂಗುರಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಸೆಟ್ಟಿನ ಹಿಂಬದಿಯ ಸ್ಕ್ರೂಗೆ ಬಿಗಿದು, ಎಲ್ಲ ಜೋಡಿಸಿ ಇಂಜಿನ್ ಓಡಿಸಿ. ಸದ್ದು ಅಲ್ಲೇ ನಿಲ್ಲುವುದನ್ನು ಕಿವಿಯಾರೆ ಕೇಳಿದಾಗ ಆಗುವ ಸಂತೋಷ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಒಳಗಿನ ಗೆರೆಯನ್ನೇ ಬೆಸುಗೆ ಹಾಕಿಸುವುದು ಶಾಶ್ವತ ರಿಪೇರಿ.

ಅದಾದ ಮೇಲೆ ಕಪ್ಪು ವೈರಿನ ಅರ್ತ್ ಎಲ್ಲಿ ಕೂತಿದೆ ನೋಡಿ. ಬಣ್ಣದ ಮೇಲೆ ಸ್ಕ್ರೂ ಬಿಗಿದಿದ್ದರೆ ಅದು ಅರ್ತ್ ಅಲ್ಲ. ಲೋಹ ಬೆಳ್ಳಗೆ ಕಾಣುವಂತೆ ಕೆರೆದು ಬಿಗಿಯಬೇಕು. ಪರೀಕ್ಷಿಸುವಾಗ ಸೆಟ್ಟು ಜೋರಾಗಿ ಹಾಡುತ್ತಿರಲಿ. ಮೀಟರಿನ ಒಂದು ಕಡ್ಡಿ ಸೆಟ್ಟಿನ ಕಪ್ಪು ವೈರಿಗೆ, ಇನ್ನೊಂದು ಬ್ಯಾಟರಿಯ ಮೈನಸ್ಸಿಗೆ. 0.1 ವೋಲ್ಟಿನ ಆಸುಪಾಸಿನಲ್ಲಿದ್ದರೆ ಅರ್ತ್ ಚೆನ್ನಾಗಿದೆ. ಅರ್ಧ ವೋಲ್ಟ್ ಬಂದರೆ ಅರ್ತ್ ಕೆಟ್ಟಿದೆ. ಸೆಟ್ ಆಫ್ ಇದ್ದಾಗ ಈ ಪರೀಕ್ಷೆ ಮಾಡಿ ಫಲವಿಲ್ಲ. ಒಂದೇ ಎಳೆ ಉಳಿದಿರುವ ವೈರೂ ಭಾರವಿಲ್ಲದಾಗ ಮೀಟರಿಗೆ ಪೂರ್ತಿ 12 ವೋಲ್ಟ್ ತೋರಿಸುತ್ತದೆ, ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗುವುದು.

ಈ ಎರಡೂ ಸರಿ ಇದ್ದು ಸದ್ದು ಉಳಿದರೆ ಮೊದಲ ಉತ್ತರದಲ್ಲಿ ಹೇಳಿದ ಆಲ್ಟರ್ನೇಟರಿನ ಎಸಿ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಡಿಸ್‌ಪ್ಲೇ ಬರುತ್ತದೆ, ಹಾಡಿನ ಹೆಸರು ಓಡುತ್ತದೆ, ಸದ್ದು ಮಾತ್ರ ಯಾವ ಸ್ಪೀಕರಿನಲ್ಲೂ ಇಲ್ಲ. ಬಾಗಿಲಿನ ಸ್ಪೀಕರ್ ಬದಲಿಸುವಾಗ ವೈರು ಬಾಡಿಗೆ ತಾಗಿ ಟಪ್ ಅಂದಿತ್ತು.

ಉತ್ತರ: ಈಗಿನ ಸೆಟ್ಟುಗಳಲ್ಲಿ ಪ್ರತಿ ಸ್ಪೀಕರಿನ ಎರಡೂ ವೈರುಗಳನ್ನು ಆಂಪ್ಲಿಫೈಯರ್ ಚಿಪ್ಪೇ ನಡೆಸುತ್ತದೆ. ಸ್ಪೀಕರಿನ ಮೈನಸ್ ಅಂದರೆ ಅರ್ತ್ ಅಂತ ತಿಳಿಯಬೇಡಿ. ಸೆಟ್ ಹಾಡುವಾಗ ಎರಡೂ ವೈರುಗಳಲ್ಲಿ ಬಾಡಿಗೆ ಹೋಲಿಸಿದರೆ ಬ್ಯಾಟರಿಯ ಅರ್ಧದಷ್ಟು, ಆರೇಳು ವೋಲ್ಟ್ ಇರುತ್ತದೆ. ಯಾವುದೇ ಒಂದು ಬಾಡಿಗೆ ತಾಗಿದರೂ ಚಿಪ್ಪು ತನ್ನನ್ನು ಉಳಿಸಿಕೊಳ್ಳಲು ಸುಮ್ಮನಾಗುತ್ತದೆ, ಕೆಲವು ಸೆಟ್ಟುಗಳಲ್ಲಿ ನಾಲ್ಕೂ ಸ್ಪೀಕರ್ ಒಟ್ಟಿಗೇ ಸುಮ್ಮನಾಗುತ್ತವೆ. ಆದ್ದರಿಂದ ಟಪ್ ಅಂದ ವೈರ್ ಈಗಲೂ ಎಲ್ಲೋ ಲೋಹಕ್ಕೆ ತಾಗಿಕೊಂಡೇ ಇದ್ದರೆ ಸೆಟ್ಟಿನ ದೋಷ ಏನೂ ಇರಲಿಕ್ಕಿಲ್ಲ.

ಸ್ಪೀಕರ್ ವೈರುಗಳ ಕನೆಕ್ಟರನ್ನು ಪೂರ್ತಿ ಕಿತ್ತು, ಮನೆಯಲ್ಲಿರುವ ಯಾವುದಾದರೂ ಒಳ್ಳೆಯ 4 ಓಮಿನ ಸ್ಪೀಕರನ್ನು ನೇರ ಸೆಟ್ಟಿಗೇ ಸೇರಿಸಿ, ಕಡಿಮೆ ವಾಲ್ಯೂಮಿನಲ್ಲಿ ಹಾಕಿ. ಸದ್ದು ಬಂದರೆ ಸೆಟ್ ಗೆದ್ದಿತು, ದೋಷ ಗಾಡಿಯ ವೈರಿನಲ್ಲಿದೆ. ಹೊರಗೆ ಮಾರುವ ಸೆಟ್ಟುಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಪ್ರತಿಯೊಂದರ ಜೋಡಿ ವೈರಿನ ಮೇಲೆ ಕಪ್ಪು ಗೆರೆ. ಕನೆಕ್ಟರ್ ಕಿತ್ತೇ ಇಟ್ಟುಕೊಂಡು ಗಾಡಿಯ ಕಡೆಯ ಒಂದೊಂದು ಜೋಡಿಗೂ ಮೀಟರ್ ಹಿಡಿಯಿರಿ. 4 ಓಮ್ ಸ್ಪೀಕರ್ ಮೀಟರಿನಲ್ಲಿ ಸುಮಾರು 3.2ರಿಂದ 3.8 ತೋರಿಸುತ್ತದೆ. ಆಮೇಲೆ ಒಂದೊಂದು ವೈರಿಗೂ ಬಾಡಿಗೂ ನಡುವೆ ಹಿಡಿಯಿರಿ, ಅಲ್ಲಿ ಏನೂ ತೋರಿಸಬಾರದು. ತೋರಿಸಿದ ವೈರೇ ಅಪರಾಧಿ. ಹೊಸ ಸ್ಪೀಕರಿನ ಚೌಕಟ್ಟು ಟರ್ಮಿನಲ್ಲಿಗೆ ತಾಗಿದೆಯೇ, ಸ್ಕ್ರೂ ವೈರನ್ನು ತೂರಿದೆಯೇ, ಬಾಗಿಲಿನ ಕೀಲಿನ ಹತ್ತಿರದ ರಬ್ಬರ್ ಕೊಳವೆಯೊಳಗೆ ವೈರ್ ಸವೆದಿದೆಯೇ ನೋಡಿ. ಬಾಗಿಲು ತೆರೆದು ಮುಚ್ಚಿ ಅಲ್ಲಿ ವೈರ್ ಮುರಿಯುವುದು ಬಹಳ ಸಾಮಾನ್ಯ.

ಸ್ಪೀಕರ್ ಬದುಕಿದೆಯೇ ಗೊತ್ತಾಗಬೇಕಾದರೆ ಗಡಿಯಾರದ 1.5 ವೋಲ್ಟ್ ಸೆಲ್ ಸಾಕು. ವೈರುಗಳನ್ನು ಸೆಲ್ಲಿಗೆ ತಾಗಿಸಿ ತೆಗೆದರೆ ಚರ್ ಅಂತ ಸದ್ದಾಗಿ ಕೋನ್ ಅಲುಗಬೇಕು. ಈ ಪರೀಕ್ಷೆ ಮಾಡುವಾಗ ವೈರು ಸೆಟ್ಟಿಗೆ ಸೇರಿರಬಾರದು.

ಪ್ರಶ್ನೆ: ವೈರಿಂಗ್ ರಿಪೇರಿಯಾದ ಮೇಲೆ ಸ್ಟೀರಿಯೊ ಚೆನ್ನಾಗಿ ಹಾಡುತ್ತದೆ, ಆದರೆ ಗಾಡಿ ಆಫ್ ಮಾಡಿದ ಪ್ರತಿ ಸಲವೂ ಸ್ಟೇಷನ್, ಗಡಿಯಾರ, ಬ್ಲೂಟೂತ್ ಎಲ್ಲ ಮರೆತುಬಿಡುತ್ತದೆ.

ಉತ್ತರ: ಹಳದಿಯೂ ಕೆಂಪೂ ಅದಲುಬದಲಾಗಿವೆ, ಇಲ್ಲವೇ ಎರಡನ್ನೂ ಕೀಲಿ ತಿರುಗಿಸಿದಾಗ ಮಾತ್ರ ಬರುವ ಕರೆಂಟಿಗೆ ಸೇರಿಸಿದ್ದಾರೆ. ಹಳದಿಗೆ ಸದಾ ಕರೆಂಟ್ ಇರಬೇಕು, ನೆನಪು ಉಳಿಯುವುದು ಅದರಿಂದ. ಕೆಂಪಿಗೆ ಕೀಲಿ ತಿರುಗಿಸಿದಾಗ ಮಾತ್ರ ಬರಬೇಕು. ಕೀಲಿ ಹೊರಗಿಟ್ಟು ಎರಡಕ್ಕೂ ಮೀಟರ್ ಹಿಡಿದರೆ ತಕ್ಷಣ ಗೊತ್ತಾಗುತ್ತದೆ. ಐಎಸ್‌ಒ ಕನೆಕ್ಟರ್, ಅಂದರೆ ಕಾರ್ ಸ್ಟೀರಿಯೊಗಳಿಗೆಂದು ಒಂದೇ ಮಾದರಿಯಲ್ಲಿ ಮಾಡಿದ ಕನೆಕ್ಟರ್, ಇದ್ದರೆ ಕರೆಂಟಿನ ಕನೆಕ್ಟರಿನಲ್ಲಿ 4ನೇ ಪಿನ್ ಸದಾ ಇರುವ ಪ್ಲಸ್, 7ನೇ ಪಿನ್ ಕೀಲಿಯದು, 8ನೇ ಪಿನ್ ಅರ್ತ್. ಕೆಲವು ಗಾಡಿಗಳಲ್ಲಿ 4 ಮತ್ತು 7 ತಿರುಗುಮುರುಗು ಇರುತ್ತವೆ, ಆದ್ದರಿಂದ ಗಾಡಿ ಕಡೆಯ ವೈರಿನ ಬಣ್ಣವನ್ನಾಗಲಿ ಪಿನ್ನನ್ನಾಗಲಿ ಅಳೆಯದೆ ನಂಬಬೇಡಿ. ಇನ್ನೂ ಹೊಸ ಗಾಡಿಗಳಲ್ಲಿ ಕೀಲಿಯ ಸಂದೇಶ ಡೇಟಾ ವೈರಿನಲ್ಲಿ ಬರುತ್ತದೆ. ಅಲ್ಲಿ ಕೆಂಪು ವೈರನ್ನು ಎಲ್ಲಿಗೋ ಜೋಡಿಸುವ ಬದಲು ಆ ಗಾಡಿಗೆಂದೇ ಮಾಡಿದ ಅಡಾಪ್ಟರ್ ಹಾಕಿಸಬೇಕು.

ಪ್ರಶ್ನೆ: ಬ್ಯಾಟರಿ ಬದಲಿಸಿದ ಮೇಲೆ ಸ್ಟೀರಿಯೊ ‘ಕೋಡ್’ ಅಂತ ಕೇಳುತ್ತಿದೆ. ಊಹಿಸಿ ಒತ್ತಿದೆ. ಈಗ ‘ಸೇಫ್’ ಅಂತ ತೋರಿಸಿ ನಿಂತಿದೆ.

ಉತ್ತರ: ಇದು ಕಳ್ಳರಿಗೆ ಹಾಕಿದ ಬೀಗ, ದೋಷವಲ್ಲ. ಇನ್ನು ಊಹಿಸಬೇಡಿ, ಪ್ರತಿ ತಪ್ಪಿಗೂ ಕಾಯುವ ಹೊತ್ತು ಬೆಳೆಯುವ ಸೆಟ್ಟುಗಳಿವೆ. ಸೆಟ್ಟನ್ನು ಆನ್ ಮಾಡಿಯೇ ಬಿಡಬೇಕು. ಕೆಲವು ಮಾದರಿಗಳಲ್ಲಿ ಸುಮಾರು ಒಂದು ಗಂಟೆ ಬೇಕಾಗುತ್ತದೆ. ಕೋಡ್ ಬರೆದ ಕಾರ್ಡು ಗಾಡಿಯ ಕೈಪಿಡಿಯ ಜೊತೆ ಇರುತ್ತದೆ. ಕಳೆದಿದ್ದರೆ ಸೆಟ್ಟಿನ ಪಕ್ಕೆಯ ಚೀಟಿಯಲ್ಲಿರುವ ಸೀರಿಯಲ್ ನಂಬರನ್ನೂ ಗಾಡಿಯ ದಾಖಲೆಯನ್ನೂ ತೆಗೆದುಕೊಂಡು ಕಂಪನಿಯ ಡೀಲರ್ ಹತ್ತಿರ ಹೋಗಿ.

ಪ್ರಶ್ನೆ: ಗಾಜು ಮುಚ್ಚಲು ಮರೆತು ರಾತ್ರಿಯಿಡೀ ಮಳೆ ನೀರು ಡ್ಯಾಶ್‌ಬೋರ್ಡಿಗೆ ಇಳಿದಿದೆ. ಸ್ಟೀರಿಯೊ ಆಫ್ ಆಗಿಯೇ ಇತ್ತು. ಒಣಗುವವರೆಗೆ ಹಾಗೇ ಬಿಟ್ಟರೆ ಸಾಕೇ?

ಉತ್ತರ: ಸಾಲದು. ಇದನ್ನು ಓದಿದ ಕೂಡಲೇ ಹೋಗಿ ಬ್ಯಾಟರಿಯ ಮೈನಸ್ ಬಿಚ್ಚಿ. ಸೆಟ್ ಆಫ್ ಇದ್ದರೂ ಹಳದಿ ವೈರಿನಲ್ಲಿ 12 ವೋಲ್ಟ್ ಸದಾ ಒಳಗೆ ನಿಂತಿರುತ್ತದೆ. ನೀರೂ ವೋಲ್ಟೂ ಜೊತೆಯಾದಾಗ ತಾಮ್ರದ ಗೆರೆಗಳು ಗಂಟೆ ಗಂಟೆಗೂ ಕರಗುತ್ತಾ ಹಸಿರು ಪಾಚಿಯಂಥದ್ದಾಗುತ್ತವೆ. ಬರೀ ಒದ್ದೆಯಾಗಿದ್ದರಿಂದ ಸತ್ತ ಸೆಟ್ಟಿಗಿಂತ ಒದ್ದೆಯಾದಾಗ ಕರೆಂಟ್ ಇದ್ದದ್ದರಿಂದ ಸತ್ತ ಸೆಟ್ಟುಗಳನ್ನೇ ನಾನು ಹೆಚ್ಚು ಕಂಡಿದ್ದೇನೆ.

ಸೆಟ್ಟನ್ನು ಹೊರತೆಗೆದು ಮುಚ್ಚಳ ಬಿಚ್ಚಿ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತನೆಯ ಬ್ರಷ್ ಅದ್ದಿ ಬೋರ್ಡನ್ನೂ ಕನೆಕ್ಟರಿನ ಪಿನ್ನುಗಳನ್ನೂ ಉಜ್ಜಿ. ಹತ್ತಿರದಲ್ಲಿ ಬೆಂಕಿ ಇರಕೂಡದು, ಕಿಟಕಿ ತೆರೆದಿರಲಿ. ಸ್ಕ್ರೀನಿನ ಮೇಲೆ ಅದನ್ನು ಸುರಿಯಬೇಡಿ. ಫ್ಯಾನಿನ ಗಾಳಿಗೆ ಎರಡು ದಿನ ಒಣಗಲಿ. ಬಿಸಿಗಾಳಿಯ ಡ್ರೈಯರ್ ಹಿಡಿದರೆ ಪ್ಲಾಸ್ಟಿಕ್ಕು ಬಾಗುತ್ತದೆ, ನೀರು ಇನ್ನೂ ಒಳಸಂದಿಗೆ ಓಡುತ್ತದೆ. ಗಾಡಿಯ ಕಡೆಯ ಕನೆಕ್ಟರನ್ನೂ ಮರೆಯದೆ ಒರೆಸಿ. ಆಮೇಲೆ ಫ್ಯೂಸಿನ ಜಾಗಕ್ಕೆ ಅದೇ 21 ವಾಟ್ ಬಲ್ಬ್ ಸೇರಿಸಿ ಕರೆಂಟ್ ಕೊಡಿ. ಸೆಟ್ ಆಫ್ ಇದ್ದಾಗ ಬಲ್ಬ್ ಆರಿಯೇ ಇದ್ದರೆ ಬಲ್ಬ್ ತೆಗೆದು ಮೊದಲಿದ್ದಷ್ಟೇ ಆಂಪಿಯರಿನ ಫ್ಯೂಸ್ ಹಾಕಬಹುದು. ಮಿಣುಕಿದರೂ ಒಳಗೆ ಇನ್ನೂ ತೇವವಿದೆ, ಇನ್ನೊಂದು ದಿನ ಗಾಳಿಗಿಡಿ.